ಅಣಕು ಮತದಾನ

ಶಿಡ್ಲಘಟ್ಟದ ಉರ್ದು ಶಾಲೆ, ಕೊಠಡಿ ನಾಲ್ಕು.
ಕಪ್ಪು ಹಲಗೆಯ ಮೇಲೆ ಯಾರೋ ಬಿಟ್ಟುಹೋದ ಏಳರ ಮಗ್ಗಿ
ಐವತ್ತಾರಕ್ಕೆ ನಿಂತಿದೆ.

ನಾನು ಗೂಡಿನ ಮಾರ್ಕೆಟ್ಟಿನವನು.
ಉಳಿದ ದಿನ ಹರಾಜಿನ ಚೀಟಿ ಬರೆಯುವ ಈ ಕೈಗೆ
ನಿನ್ನೆ ಎಣಿಸಿ ಕೊಟ್ಟರು
ಯಂತ್ರ, ಅರಗು, ಮೇಣದಬತ್ತಿ, ಹಸಿರು ಕಾಗದದ ಮುದ್ರೆ,
ಯಾವುದರೊಳಗೆ ಯಾವುದೆಂದು ತಿಳಿಯದಷ್ಟು ಲಕೋಟೆ,
ತನ್ನಷ್ಟಕ್ಕೆ ನಿಲ್ಲಲಾರದ ಒಂದು ಶಾಯಿ ಸೀಸೆ.
ಅದನ್ನು ನಿಲ್ಲಿಸಲು ಬಿಸಿಯೂಟದ ಲೋಟಕ್ಕೆ
ಅಂಗಳದ ಮರಳು ತುಂಬಿದೆವು.

ಬೆಳಗ್ಗೆ ಐದೂವರೆ. ಏಜೆಂಟರು ಇಬ್ಬರೇ,
ಒಬ್ಬನ ತುಟಿಯಂಚಿನಲ್ಲಿ ಇನ್ನೂ ಹಲ್ಲುಪುಡಿ.
ಹುರಿಯಾಳುಗಳು ಇಪ್ಪತ್ತೇಳು, ಕೊನೆಗೆ ‘ಯಾರೂ ಅಲ್ಲ’.
ಒಂದು ಪೆಟ್ಟಿಗೆಯಲ್ಲಿ ಹಿಡಿಸದೆ ಇನ್ನೊಂದು ಜೋಡಿಸಿದ್ದೇವೆ,
ಮದುವೆಮನೆಯ ಎರಡನೇ ಪಂಕ್ತಿ:
ಅಲ್ಲಿ ಕೂತವರಿಗೆ ಪಾಯಸ ಬಂದರೆ ಬಂತು.

ನಿಯಮವಿದೆ: ಎಲ್ಲರಿಗೂ ಒತ್ತಿ, ಐವತ್ತಕ್ಕೆ ಕಡಿಮೆ ಬೇಡ.
ಏಜೆಂಟರಿಲ್ಲದವರಿಗೆ ನಾನೇ ಒತ್ತಿದೆ.
ಹತ್ತೊಂಬತ್ತನೇ ಗುಂಡಿ. ಚಿಕ್ಕನಾರೆಪ್ಪ, ಪಕ್ಷೇತರ, ಕಿವಿಯೋಲೆ.
ಬೀಪ್.
ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು
ಉದುರಿತು.
ಮತ್ತೊಮ್ಮೆ.

ಗೊತ್ತು ನನಗೆ ಅವರು. ಚಿಂತಾಮಣಿ ರೂಟಿನ ಕಂಡಕ್ಟರು.
‘ಮೂವತ್ತೊಂದು ವರ್ಷ ಊರಿಗೆಲ್ಲ ಟಿಕೆಟ್ ಕೊಟ್ಟೆ,
ಒಂದು ಪಕ್ಷವೂ ನನಗೆ ಕೊಡಲಿಲ್ಲ’
ಇದು ಅವರದೇ ಜೋಕು, ಟೀ ಅಂಗಡಿಯಲ್ಲಿ, ದಿನಕ್ಕೆ ಮೂರು ಸಲ.
ಗುರುತಿಗೆ ನಲ್ಲಿ ಕೇಳಿದ್ದರಂತೆ.
ಚೀಟಿ ಎತ್ತಿದಾಗ ನಲ್ಲಿ ಇನ್ನೊಬ್ಬರ ಪಾಲಾಯಿತು,
ಕಿವಿಯೋಲೆ ಬಂತು.
ಹೆಂಡತಿಯ ಓಲೆ ಅಡವಿಟ್ಟು ಠೇವಣಿ ಕಟ್ಟಿದ್ದು
ಅದಕ್ಕೂ ಹಿಂದಿನ ವಾರ.
ಅದು ಜೋಕಿನಲ್ಲಿ ಬರುವುದಿಲ್ಲ.

ಲೆಕ್ಕ ತೆಗೆದೆವು. ಎಲ್ಲರಿಗೂ ಎರಡೆರಡು.
ಆಸ್ತಿ ಕೋಟಿಯೆಂದು ಬರೆದುಕೊಟ್ಟವನಿಗೆ ಎರಡು,
ಸೊನ್ನೆಯೆಂದು ಬರೆದವನಿಗೆ ಎರಡು,
‘ಯಾರೂ ಅಲ್ಲ’ನಿಗೂ ಎರಡು.
ಒಂದು ಗುಟುಕು ಕಾಫಿಯಷ್ಟು ಹೊತ್ತು.
ಆಮೇಲೆ ಅಳಿಸುವ ಗುಂಡಿ.
ಚೀಟಿಗಳ ಬೆನ್ನಿಗೆ ‘ಅಣಕು’ ಎಂದು ಠಸ್ಸೆ ಹೊಡೆದು
ಕಪ್ಪು ಲಕೋಟೆಗೆ ಹಾಕಿ ಅರಗು ಸುರಿದೆ.
ಸೊನ್ನೆ ಸೊನ್ನೆಯಾಗಿಯೇ ಇದೆ ಎಂದು
ಏಜೆಂಟರು ಸಹಿ ಹಾಕಿದರು.

ಏಳಕ್ಕೆ ಮೊದಲ ಸಾಲು, ನೂಲು ಬಿಚ್ಚುವವರದು.
ಶಂಷಾದ್ ಬೀ ಎಡಗೈ ಚಾಚಿದಳು.
ಕುದಿನೀರಲ್ಲಿ ಗೂಡು ತಡವಿ ತಡವಿ
ತೋರುಬೆರಳು ಬೆಂದ ಕಡಲೆಕಾಯಿಯ ಹಾಗೆ ಬಿಳಿಚಿ ಸುಲಿದಿದೆ.
ಶಾಯಿ ಗೆರೆಯಾಗಲಿಲ್ಲ, ಬಿರುಕುಗಳಿಗೆ ಇಳಿಯಿತು.
‘ಉರೀತದಾ?’ ಎಂದರು ನಮ್ಮ ಮೇಡಂ.
‘ಈ ಬೆರಳಿಗೆ ಉರಿ ತಿಳಿಯೋದು ಬಿಟ್ಟು
ಹತ್ತು ವರ್ಸ ಆಯ್ತು. ಇನ್ನೊಂದು ಸಲ ಹಚ್ಚಿ,
ನಿಮ್ಮ ಸಮಾಧಾನಕ್ಕೆ.’

ಸಂಜೆ ಐದೂವರೆಗೆ ಅವರು ಬಂದರು, ಒಬ್ಬರೇ,
ಸುಣ್ಣದ ಗೆರೆಯಾಚೆ ಚಪ್ಪಲಿ ಬಿಟ್ಟು.
‘ಎಷ್ಟಾಯ್ತು ಸಾರ್?’
‘ಎಂಟುನೂರ ಹನ್ನೆರಡು.’
‘ತಲೆ ಎಷ್ಟು, ಟಿಕೆಟ್ ಎಷ್ಟು?’
‘ಎರಡೂ ತಾಳೆ ಆಗ್ತದೆ.’
ಚೆಕಿಂಗ್ ಸ್ಕ್ವಾಡ್ ಇಳಿದುಹೋದ ಮೇಲಿನ ನೆಮ್ಮದಿಯಿಂದ
ತಲೆದೂಗಿದರು.
‘ಒಂದೇ ಬೇಜಾರು. ಟಿಕೆಟ್ ತೋರಿಸ್ತೀರಿ, ಕೈಗೆ ಕೊಡಲ್ಲ.’
ಆಮೇಲೆ, ಬಾಗಿಲ ಚೌಕಟ್ಟು ಸವರುತ್ತ,
‘ಬೆಳಗ್ಗೆ, ಪರೀಕ್ಷೆ ಮಾಡಿದಿರಲ್ಲ, ಅದರಲ್ಲಿ ನನಗೆಷ್ಟು?’
‘ಎರಡು.’
ಬೆರಳು ಮಡಿಸಿ ಎಣಿಸಿಕೊಂಡರು.
‘ಮನೇಲಿ ಹೇಳ್ತೀನಿ.’

ರಾತ್ರಿ ಒಂಬತ್ತಕ್ಕೆ ನಮ್ಮ ಬಸ್ಸು.
ತೊಡೆಯ ಮೇಲೆ ಯಂತ್ರ, ಕಾಲಸಂದಿಯಲ್ಲಿ ಲಕೋಟೆಗಳು,
ಕಪ್ಪಗಿನದು ಎಲ್ಲಕ್ಕೂ ಕೆಳಗೆ.
ಚುನಾವಣೆಯ ಬಸ್ಸಿಗೆ ಕಂಡಕ್ಟರಿಲ್ಲ.
ಕಿರಿದಾದ ಬೀದಿ, ಹಿಂದೆ ಮೋರಿ,
ಡ್ರೈವರು ಸ್ಟೀರಿಂಗ್ ತಿರುವಿ ಒದ್ದಾಡುತ್ತಿದ್ದ.
ಆಗ ಕತ್ತಲಲ್ಲಿ ಯಾರೋ
ಬಸ್ಸಿನ ಮೈಗೆ ಎರಡು ಸಲ ತಟ್ಟಿದರು.
ರೈಟ್.
ರೈಟ್.