ತೂಕದ ಚೀಟಿ

ಮೂವತ್ತೊಂದು ಸುಗ್ಗಿ ತೂಗಿದ್ದೇನೆ ಆ ಲಾರಿಯನ್ನು,
ಲೂಮಿರ್ ವೊಂಡ್ರಾನ ಹಸಿರು ಲಾರಿಯನ್ನು,
ನೆಬ್ರಾಸ್ಕಾದ ಈ ಊರಿನ ಕಣಜದ ಬಾಗಿಲಲ್ಲಿ,
ರೈಲು ಹಳಿಯ ಪಕ್ಕ, ಒಂದು ಕಿಟಕಿಯ ಹಿಂದೆ ಕೂತು.

ತುಂಬಿದ ತೂಕ ಒಂದು, ಖಾಲಿ ತೂಕ ಒಂದು,
ಕಳೆದರೆ ಉಳಿದದ್ದು ಮೆಕ್ಕೆಜೋಳ.
ಇಷ್ಟೇ ನನ್ನ ಕಸುಬು.

ಉಳಿದವರು ಸೀಟು ಬಿಟ್ಟು ಏಳುತ್ತಿರಲಿಲ್ಲ.
ಬರುವಾಗಲೂ ಹೋಗುವಾಗಲೂ ಅದೇ ಹೊಟ್ಟೆ, ಅದೇ ಮೈಭಾರ,
ಕಳೆಯುವಾಗ ತಾನೇ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ.
ಲೂಮಿರ್ ಮಾತ್ರ ಇಳಿಯುತ್ತಿದ್ದ, ಎರಡು ಸಲವೂ,
ಮೂರು ಬೆರಳಿಲ್ಲದ ಎಡಗಾಲಿನ ಬೂಟನ್ನು
ಮೊದಲು ನೆಲವನ್ನು ಕೇಳಿ, ಆಮೇಲೆ ಊರಿ.
ಹಲಗೆಯಿಂದಾಚೆ ನಿಂತು, ಟೊಪ್ಪಿ ತೆಗೆದು,
"ಈಗ ನೋಡು ಹುಡುಗಿ" ಎನ್ನುತ್ತಿದ್ದ.
ನನಗೆ ಐವತ್ತೆಂಟಾದಾಗಲೂ ಹುಡುಗಿ.

ಸಂತನಲ್ಲ. ಇದನ್ನು ಬರೆದಿಡಬೇಕು, ಇಲ್ಲದಿದ್ದರೆ
ಪಾದ್ರಿ ಹೇಳಿದ್ದೇ ನಿಜವಾಗಿಬಿಡುತ್ತದೆ.
ತೇವ ಹದಿನೆಂಟು ಎಂದರೆ ಕೆಂಡವಾಗುತ್ತಿದ್ದ,
"ನಿನ್ನ ಯಂತ್ರಕ್ಕೆ ಶೀತವಾಗಿದೆ" ಎಂದು
ಒಂದು ಕಾಳು ಹಲ್ಲಲ್ಲಿ ಕಡಿದು, ಆ ಸದ್ದಿಗೆ ಕಿವಿಗೊಟ್ಟು,
"ಹದಿನಾರು" ಎನ್ನುತ್ತಿದ್ದ.
ಎರಡಕ್ಕೊಂದು ಸಲ ಅವನದೇ ಸರಿ.

ಬೇಲಿಯ ಗೂಟವೊಂದರ ಸಲುವಾಗಿ ತಮ್ಮ ಬೊಹುಸ್ಲಾವನೊಡನೆ
ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದ.
ಆದರೂ ಆ ಮನೆಯೆದುರು ಹಿಮ ಬಿದ್ದರೆ
ನಸುಕಿಗೇ ಟ್ರ್ಯಾಕ್ಟರು ತಂದು ದಾರಿ ಬಿಡಿಸುತ್ತಿದ್ದ,
ಬಾಯಿ ಬಿಗಿದುಕೊಂಡೇ.

ಒಂದು ಅಕ್ಟೋಬರ್ ರಾತ್ರಿ ತಕ್ಕಡಿ ಕೆಟ್ಟಿತು.
ಇಪ್ಪತ್ತು ಲಾರಿ ದೀಪ ಆರಿಸಿ ಸಾಲಾಗಿ ಕಾದವು.
ಅವನು ಒಳಗೆ ಬಂದು ಹೀಟರಿಗೆ ಬೆನ್ನು ಕೊಟ್ಟು ಕೂತ.
ಕೇಳಿಬಿಟ್ಟೆ: ಯಾಕೆ ಇಳಿಯುತ್ತೀ?
ಬಹಳ ಹೊತ್ತು ಪೆಪ್ಪರ್‌ಮಿಂಟಿನ ಕಾಗದ ಮಡಿಸಿದ.

"ಕೊರಿಯಾದಲ್ಲೂ ನನಗೆ ಲಾರಿಯೇ.
ಗುಂಡಿನ ಪೆಟ್ಟಿಗೆ ತುಂಬಿ ಗುಡ್ಡ ಹತ್ತುವುದು.
ಇಳಿಯುವಾಗ ಖಾಲಿ, ಎಂದುಕೊಂಡಿದ್ದೆ.
ಇಪ್ಪತ್ತು ವರ್ಷ ನನಗೆ, ಹಾಗೇ ತಿಳಿದಿದ್ದೆ."
ಕಾಗದ ಇನ್ನೊಂದು ಮಡಿಕೆಯಾಯಿತು.
"ಮರಗಟ್ಟಿದ ಹುಡುಗರು ಹೆಚ್ಚು ತೂಗುವುದಿಲ್ಲ.
ಆದರೆ ಬ್ರೇಕಿಗೆ ಗೊತ್ತಾಗುತ್ತದೆ.
ಕೆಳಗೆ ಬಂದಮೇಲೆ ಒಬ್ಬೊಬ್ಬರನ್ನೇ ಇಳಿಸಿಕೊಂಡರು.
ಸೀಟಿನಲ್ಲಿ ಉಳಿದವನು ನಾನೊಬ್ಬ."

ಅಷ್ಟರಲ್ಲಿ ತಕ್ಕಡಿ ಸರಿಹೋಯಿತು.
ಅದು ಉತ್ತರವೋ ಅಲ್ಲವೋ, ಇಂದಿಗೂ ತಿಳಿಯದು.
ಎದ್ದು ಹೋಗಿ ತೇವದ ಮೇಲೆ ಜಗಳ ತೆಗೆದ.

ಪ್ಲಾಟ್ ನದಿಗೆ ಕ್ರೌಂಚಗಳು ಇಳಿಯುವ ವಾರ ಹೋದ.
ತೊಂಬತ್ತೆರಡು.
ಬಂದೂಕು ಎತ್ತಿದ ಏಳು ಮುದುಕರಲ್ಲಿ ಐದೇ ಸದ್ದು.
ಕಹಳೆ ಬಲ್ಲವರು ಯಾರೂ ಊರಲ್ಲಿ ಉಳಿದಿಲ್ಲ,
ಕಹಳೆಯ ಗಂಟಲೊಳಗೆ ಬ್ಯಾಟರಿ ಪೆಟ್ಟಿಗೆ;
ಗುಂಡಿ ಒತ್ತಿ, ಊದುವವನಂತೆ ನಿಂತ
ಹಾರ್ಡ್‌ವೇರ್ ಅಂಗಡಿಯ ಹುಡುಗ.
ನಡುವೆ ತುಟಿ ತೆಗೆದು ಕೆಮ್ಮಿದ. ಹಾಡು ನಿಲ್ಲಲಿಲ್ಲ.
ಬೊಹುಸ್ಲಾವ ನಕ್ಕುಬಿಟ್ಟ,
ನಕ್ಕವನು ಹಾಗೇ ಹಸಿ ಮಣ್ಣಿನ ಮೇಲೆ ಕುಸಿದು ಕೂತ.

ಮುಕ್ಕೋನವಾಗಿ ಮಡಿಸಿದ ಬಾವುಟ ಅಲ್ಬೀನಾಳ ತೊಡೆಗೆ ಬಂತು.
ಎರಡು ಕೈಯಲ್ಲಿ ಅದನ್ನೊಮ್ಮೆ ಎತ್ತಿ, ಇಳಿಸಿ,
ನನ್ನತ್ತ ನೋಡಿದಳು,
ಎಷ್ಟು ಎಂದು ಕೇಳುವವಳಂತೆ.

ಮೊನ್ನೆ ಅವನ ಕೊನೆಯ ಜೋಳ ಬಂತು.
ಓಡಿಸಿದ್ದು ಮೊಮ್ಮಗಳು ಬ್ರಿನ್, ಕಿವಿಯಲ್ಲಿ ಇಯರ್‌ಫೋನು.
ಇಳಿಯಲಿಲ್ಲ. ಇಳಿ ಎನ್ನಲು ನಾನು ಯಾರು?
ತುಂಬಿದ್ದು ಬರೆದೆ, ಖಾಲಿ ಬರೆದೆ, ಕಳೆದೆ.
ಲೆಕ್ಕ ಸರಿಯಿದೆ, ಒಂದು ಪೌಂಡೂ ಆಚೀಚೆ ಇಲ್ಲ.
ಹಲಗೆಯಾಚೆ ಅವನು ನಿಲ್ಲುತ್ತಿದ್ದ ಕಡೆ
ಎರಡು ಬೂಟಿನಗಲ ಹುಲ್ಲು ಬಂದಿಲ್ಲ ಇನ್ನೂ.

ಯಂತ್ರ ಹದಿನೆಂಟು ಎಂದಿತು.
ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದೆ,
ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ.
ಚೀಟಿಯಲ್ಲಿ ಹದಿನಾರು ಎಂದು ಬರೆದೆ.