ಯಾವ ಅಕ್ಷರ

ಬೈತಕೋಲದ ಬಂದರಿಗೆ ಬೆನ್ನು ಹಾಕಿದ ಕೋಣೆ.
ಜೂನ್ ಕೊನೆ. ದೋಣಿಗಳೆಲ್ಲ ದಡ ಹತ್ತಿ
ತಾಡಪತ್ರಿ ಹೊದ್ದಿವೆ. ನನ್ನೆದುರು ಪರದೆಯ ಮೇಲೊಂದು ಮರ:
ಕೊಂಬೆ ಒತ್ತಿದರೆ ರೆಂಬೆ, ರೆಂಬೆ ಒತ್ತಿದರೆ ಎಲೆ.
ಪ್ರತಿ ಸಾಮಾನಿಗೂ ಅದರ ಎಲೆ ಹುಡುಕುವುದು ನನ್ನ ಕೆಲಸ.

ರಿಲೇಗೆ ಕೆ. ಬ್ರೇಕರಿಗೆ ಕ್ಯೂ.
ಬೆಳಗುವ ದೀಪಕ್ಕೆ ಇ, ಸೂಚಿಸುವ ದೀಪಕ್ಕೆ ಪಿ;
ಗಾಜು ಅದೇ, ಒಳಗಿನ ಎಳೆಯೂ ಅದೇ.
ಹೇಗಿದೆ ಎನ್ನಬೇಡ, ಏನು ಮಾಡುತ್ತದೆ ಕೇಳು
ಎನ್ನುತ್ತದೆ ನಿಯಮದ ಹಾಳೆ.
ಮೊದಲ ವಾರ ಹಿಡಿಸಲಿಲ್ಲ. ಆಮೇಲೆ
ಕೊಡೆಗೂ, ಊಟದ ಡಬ್ಬಿಗೂ, ಸೋದರತ್ತೆಗೂ
ಒಂದೊಂದು ಅಕ್ಷರ ಹಚ್ಚತೊಡಗಿದೆ.

ಇಂದು ರೋಹಿದಾಸ ತಾಂಡೇಲ
‘ಜಲರಾಣಿ’ಯ ಹಳೇ ಪೆಟ್ಟಿಗೆ ತಂದು ಮೇಜಿಗಿಟ್ಟ.
ಉಪ್ಪು ತಿಂದ ಟರ್ಮಿನಲ್, ಕಿಲುಬು ಹಿಡಿದ ತಾಮ್ರ,
ಮೂಲೆಯಲ್ಲೊಂದು ಸತ್ತ ಜಿರಲೆ.
ಒಂದೊಂದೇ ಬಿಚ್ಚಿ, ಒರೆಸಿ, ಎಲೆಗೆ ಅಂಟಿಸುತ್ತ ಬಂದೆ.
ಕೊನೆಯ ಫ್ಯೂಸಿನ ಮನೆಯಲ್ಲಿ ಫ್ಯೂಸೇ ಇಲ್ಲ.
ಮೂರೆಳೆ ಹೊಸೆದ ತಂತಿ,
ಎರಡೂ ತುದಿ ಇಕ್ಕಳದಲ್ಲಿ ಅಮುಕಿದ್ದು.

“ಇದೇನು ಮಾರಾಯಾ, ದೋಣಿ ಸುಡಬೇಕಂತ ಇದ್ದೆಯಾ?”

ಕೊಂಕಣಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದ:
“ಅಂಜುದೀವಿನಾಚೆ ಗಾಳಿ ತಿರುಗಿತು. ತಳದಲ್ಲಿ ಮೊಣಕಾಲುದ್ದ ನೀರು.
ಪಂಪು ಏದುಸಿರು ಬಿಡ್ತಿತ್ತು. ಫ್ಯೂಸು ಹಾರಿತು. ಹಾಕಿದೆ, ಮತ್ತೆ ಹಾರಿತು.
ಮೂರನೇದು ಇರಲಿಲ್ಲ.
ತಂತಿ ಕೊಟ್ಟೆ. ಮುಟ್ಟಿದರೆ ಬೊಬ್ಬೆ ಏಳಬೇಕು, ಹಾಗೆ ಇತ್ತು ಅದು.
ಒಬ್ಬ ಮರಳಿನ ಬಾಲ್ದಿ ಹಿಡಕೊಂಡು
ಅದನ್ನೇ ನೋಡ್ತಾ ಕೂತ. ಬೆಳಗಿನ ತನಕ ಕಾಯ್ತು.”

ಕಾಯ್ತು ಅಂದ.
ಬಿಸಿಯಾಯಿತು ಅಂತಲೋ, ಕಾಪಾಡಿತು ಅಂತಲೋ
ಕೇಳಲಿಲ್ಲ ನಾನು.
ಕರೆಂಟು ಒಯ್ಯುವ ತಂತಿಗೆ ಡಬ್ಲ್ಯೂ.
ಅಪಾಯದಿಂದ ಕಾಯುವುದಕ್ಕೆ ಎಫ್.
ತುಂಡಾಗಿಯೇ ಕಾಯಬೇಕು ಎಂದಲ್ಲವೇ ನಾನು ಓದಿದ್ದು?
ತುಂಡಾಗದ ಇದಕ್ಕೆ

ಎಫ್ ಒತ್ತಿದೆ.
ಪರದೆ ಕೆಂಪಾಗಿ ಕೇಳಿತು: ಎಷ್ಟು ಆಂಪಿಯರ್?
ಅತ್ತ ತಿರುಗಿ ಅವನಿಗೂ ಅದನ್ನೇ ಕೇಳಿದೆ.
“ಏಳು ಜನ ಇದ್ದೆವು,” ಅಂದ.

ಹೊಸ ನಕ್ಷೆಯಲ್ಲಿ ಅಲ್ಲೊಂದು ಸರಿಯಾದ ಫ್ಯೂಸ್ ಇದೆ,
ಹದಿನಾರು ಆಂಪಿಯರಿನದು. ಪಕ್ಕದಲ್ಲಿ
‘ಬದಲಿ ಆರು ಇಡತಕ್ಕದ್ದು’ ಎಂದು ಬರೆದು
ಎರಡು ಗೆರೆ ಎಳೆದೆ.
ತಂತಿ ನನ್ನ ಪೆನ್ನಿನ ಡಬ್ಬಿಯಲ್ಲಿದೆ.

ದಿನಾ ಸಂಜೆ ಕಡತ ಮುಚ್ಚುವಾಗ ಯಂತ್ರ ನೆನಪಿಸುತ್ತದೆ:
ಒಂದು ಸಾಮಾನಿನ ವಿವರ ಅಪೂರ್ಣ. ಮುಂದುವರಿಯಬೇಕೆ?
ಹೂಂ ಎಂದು ಒತ್ತಿ ಚಪ್ಪಲಿ ಮೆಟ್ಟುತ್ತೇನೆ.
ಕೋಡಿಬಾಗದ ಬಸ್ಸು ಆರೂ ಹತ್ತಕ್ಕೆ.