ಲಂಬಕೋನ

ಶುಕ್ರವಾರ ರಾತ್ರಿಯೇ ಸ್ಟ್ರೂಅನ್ ಸಂದೇಶ ಕಳಿಸಿದ್ದ:
"ಎಟಿವ್ ಏರುತ್ತಿದೆ."
ಅಷ್ಟೇ. ಅಷ್ಟು ಸಾಕು.
ಗ್ಲಾಸ್ಗೋದ ಮಂದಿಯೆಲ್ಲ ಬೈಯುವ ಮಳೆಗೆ
ನಾವು ನಾಲ್ವರು ಮಾತ್ರ ಕಿಟಕಿ ತೆರೆದು
ಇನ್ನಷ್ಟು, ಇನ್ನಷ್ಟು ಎಂದೆವು,
ಪಂಕ್ತಿಯಲ್ಲಿ ಕೂತ ಹೊಟ್ಟೆಬಾಕರ ಹಾಗೆ.

ಬೆಳಗಿನ ಆರಕ್ಕೆ ವ್ಯಾನು.
ಒದ್ದೆ ರಬ್ಬರಿನ, ಹಳೇ ಬಾಳೆಹಣ್ಣಿನ ವಾಸನೆ.
ಅದರ ತಲೆಯ ಮೇಲೆ ನಾಲ್ಕು ದೋಣಿ:
ಹಸಿರು, ಕೆಂಪು, ಇನ್ನೊಂದು ಕೆಂಪು,
ನನ್ನದು ಯಾರೋ ಮಾರಿದ ಹಳದಿ,
ತಳದಲ್ಲಿ ಬೆಸುಗೆಯ ಗಾಯ.
ಮುಂದಿನ ಸೀಟಿನಲ್ಲಿ ಕಾಲು ಮೇಲಿಟ್ಟು
ಚಿಪ್ಸ್ ತಿನ್ನುತ್ತಿದ್ದವಳು ವಾರಿ.
(ಬರೆಯುವಾಗ ಅವಳ ಹೆಸರಿಗೆ ಮುಂದೊಂದು ಮಕಾರವಿದೆ,
ಬಾಯಿಗೆ ಬರುವಾಗ ಬರೀ ವಾರಿ.
ನಮ್ಮಲ್ಲಿ ಹಾಗೆಂದರೆ ನೀರು ಎಂದಾಗ
"ನಂಗೊತ್ತಿತ್ತು" ಅಂದಿದ್ದಳು.
ಗೊತ್ತಿರಲು ಸಾಧ್ಯವೇ ಇರಲಿಲ್ಲ.)

ಕಣಿವೆಯ ರಸ್ತೆ ಒಂದೇ ಗಾಡಿಯಗಲ.
ಎದುರು ಜಿಂಕೆ ಬಂದರೆ ಜಿಂಕೆಗೇ ದಾರಿ.
ನದಿ ಡಿಕಾಕ್ಷನ್ ಬಣ್ಣ, ಮೇಲೆ ನೊರೆ;
ಹಾಲು ಹಾಕುವುದೊಂದು ಬಾಕಿ.
ನೀರಿಗಿಳಿದವರಿಗೆ ಮಳೆಯೇನು ಚಳಿಯೇನು!
ಗಾದೆ ಕಟ್ಟಿದವರು ನವೆಂಬರಿನಲ್ಲಿ ಇಲ್ಲಿ ಇಳಿದಿರಲಿಲ್ಲ.
ಮೊದಲ ಮುಳುಗಿಗೇ ಹಣೆಯೊಳಗೆ ಮೊಳೆ.

ಮೂರು ಮೆಟ್ಟಿಲಿನ ಅಬ್ಬಿ ಇಳಿದೆವು.
ಎರಡನೆಯದರಲ್ಲಿ ನಾನು ತಲೆಕೆಳಗಾಗಿ
ತಳದ ಬಂಡೆಗೆ ಹೆಲ್ಮೆಟ್ಟು ತಾಗಿಸಿ ನಮಸ್ಕರಿಸಿ
ಸೊಂಟ ತಿರುಚಿ ಎದ್ದೆ.
ಫಾರ್ಕರ್ ನಕ್ಕ. ನಾನೂ.
ನಗು ಕೇಳಿಸಲಿಲ್ಲ, ಹಲ್ಲು ಕಂಡಿತು.
ಆ ಸದ್ದಿನಲ್ಲಿ ಮಾತಿಗೆ ಕೆಲಸವಿಲ್ಲ:
ಮುಷ್ಟಿಯಿಂದ ನೆತ್ತಿ ತಟ್ಟಿಕೊಂಡರೆ ಕ್ಷೇಮ.
ತಟ್ಟದಿದ್ದರೆ, ಇಲ್ಲ.

ಆಮೇಲೆ ಲಂಬಕೋನ.
ಅದರ ಹೆಸರೇ ಹಾಗೆ, ನಾನಿಟ್ಟದ್ದಲ್ಲ.
ನಾಲ್ಕಾಳೆತ್ತರದಿಂದ ಬಿದ್ದ ನೀರು
ಎದುರಿನ ಗೋಡೆಗೆ ಹಣೆ ಚಚ್ಚಿಕೊಂಡು
ತೊಂಬತ್ತು ಡಿಗ್ರಿ ತಿರುಗಿ
ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.
ಏಳು ಸಲ ಬಂದಿದ್ದೇನೆ. ಏಳು ಸಲವೂ
ದೋಣಿ ಹೆಗಲಿಗೇರಿಸಿ ಕೆಸರಿನಲ್ಲಿ ಸುತ್ತು ಬಳಸಿ
ಕೆಳಗಿನ ಬಂಡೆಯ ಮೇಲೆ ಹಗ್ಗ ಹಿಡಿದು ನಿಂತಿದ್ದೇನೆ.
"ಯಾರಾದರೂ ಹಿಡಿಯಬೇಕಲ್ಲ" ಅನ್ನುತ್ತಾರೆ ಅವರು,
ನನ್ನ ಹೆದರಿಕೆಗೊಂದು ಹುದ್ದೆ ಕೊಟ್ಟು.

ಸ್ಟ್ರೂಅನ್ ಬಂದ. ನೆತ್ತಿ ತಟ್ಟಿದ.
ಫಾರ್ಕರ್ ಬಂದ, ತಟ್ಟಿದ.
ವಾರಿಯ ಕೆಂಪು ಮೂತಿ ಅಂಚಿನಲ್ಲಿ ಇಣುಕಿ
ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ಕಂಡು
ಹೋಯಿತು.

ದೋಣಿ ಎದ್ದಿತು. ಖಾಲಿ.

ಒಂದು.
ಎರಡು.
ಹೆದರಿದಾಗ ಕನ್ನಡದಲ್ಲೇ ಎಣಿಸುತ್ತೇನೆ.
ಮೂರು. ನಾಲ್ಕು.
ನೊರೆ ಅಗಿಯುತ್ತಿತ್ತು, ಏನನ್ನೋ, ನಿಧಾನವಾಗಿ.
ಆರು. ಐದನ್ನು ಎಲ್ಲಿ ಬಿಟ್ಟೆನೋ.
ಏಳು. ಒಂದು ಕೈಗವಸು.
ಎಸೆದೆ. ಮೊಳ ದೂರ ಬಿತ್ತು.
ಎಳೆದು ಸುತ್ತುವಷ್ಟು ಪುರುಸೊತ್ತಿಲ್ಲ,
ಒದ್ದೆ ಉಂಡೆಯನ್ನೇ ಮತ್ತೆ ಬೀಸಿದೆ.
ಹನ್ನೊಂದಕ್ಕೆ ಹಗ್ಗ ಬಿಗಿಯಿತು.
ಆ ಬಿಗಿ,
ಅಂಗೈ ಸುಟ್ಟ ಆ ಬಿಗಿ,
ಅದಕ್ಕೊಂದು ಹೋಲಿಕೆ ಹುಡುಕಬಾರದು ಅನಿಸುತ್ತದೆ.

ದಡದಲ್ಲಿ ಮಂಡಿಯೂರಿ ಕಾರಿಕೊಂಡಳು.
ಮೂಗಿನಲ್ಲಿ ರಕ್ತ.
ಆಮೇಲೆ ಮುಷ್ಟಿ ಎತ್ತಿ ನೆತ್ತಿ ತಟ್ಟಿಕೊಂಡಳು,
ಮೂರಡಿ ದೂರದಲ್ಲಿದ್ದ ನನಗೆ ಕಾಣಲೆಂದು.
"ಪ್ಯಾಡಲ್ ಹೋಯಿತು." ಮೊದಲ ಮಾತು ಅದು.
ನಾನೂ ಏನಾದರೂ ಹೇಳಬೇಕಿತ್ತು, ಹೇಳಿದೆ:
ನಮ್ಮಲ್ಲಿ ಅದಕ್ಕೆ ಹುಟ್ಟು ಅಂತಾರೆ.
ಲೋಕಕ್ಕೆ ಬರೋದಕ್ಕೂ ಅದೇ ಪದ.
ಯೋಚಿಸಿದಳು. ಮೂಗೊರೆಸಿಕೊಂಡಳು.
"ವ್ಯಾನಿನಲ್ಲಿ ಇನ್ನೊಂದಿದೆ ನಂದು."

ಸೋಮವಾರ. ಪೇಸ್ಲಿಯ ಆಸ್ಪತ್ರೆ, ಕಿವಿ ವಿಭಾಗ.
ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡ ಮುದುಕ,
ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ಉಕ್ಕು ಬಡಿದವನು.
ಸದ್ದು ಕೇಳಿದಾಗ ಗುಂಡಿ ಒತ್ತಿ, ಎಂದಿದ್ದೇನೆ.
ಸದ್ದಿಗೂ ಸದ್ದಿಗೂ ನಡುವೆ ಒಂದಿಷ್ಟು ಬಿಡಬೇಕು,
ಊಹಿಸಿ ಒತ್ತದ ಹಾಗೆ.
ಬ್ಯಾಂಡೇಜು ಸುತ್ತಿದ ನನ್ನ ಕೈ ಯಂತ್ರದ ಮೇಲೆ.
ಒಂದು. ಎರಡು.
ಮೂರು.
ಎಷ್ಟು ಹೊತ್ತು ಬಿಟ್ಟೆನೋ.
ಮುದುಕ ನನ್ನನ್ನೇ ನೋಡುತ್ತಿದ್ದ,
ಹುಬ್ಬೇರಿಸಿ: ಎಲ್ಲ ಸರಿಯೇ?
ನನ್ನ ಮುಷ್ಟಿ ತಾನಾಗಿ ನೆತ್ತಿಗೆ ಹೋಗಿ
ತಟ್ಟಿತು.
ಅವನು ಗುಂಡಿ ಒತ್ತಿದ.